ಒಂದೇ ಗೋಡೆ, ಎರಡು ತೂಕ

ಗೋಡೆ ತೂಗುವುದು ನನ್ನ ಕೆಲಸ ಎಂದರೆ ಜನ ನಗುತ್ತಾರೆ. ಅದಕ್ಕೇ ಯಾರಾದರೂ ಕೇಳಿದರೆ ‘ಬಿಲ್ಡಿಂಗ್ ಕನ್ಸಲ್ಟೆನ್ಸಿಯಲ್ಲಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮಾಡುವುದು ಮಾತ್ರ ಹೆಚ್ಚುಕಡಿಮೆ ಅದನ್ನೇ. ಒಂದು ಕಟ್ಟಡಕ್ಕೆ ಬೇಕಾದ ಸಿಮೆಂಟು, ಉಕ್ಕು, ಗಾಜು, ಬಣ್ಣ ಇವನ್ನೆಲ್ಲ ತಯಾರಿಸುವಾಗ, ಲಾರಿಯಲ್ಲಿ ತರುವಾಗ, ಅವುಗಳ ನಡುವೆ ಜನ ಬದುಕುವಾಗ, ಕೊನೆಗೊಂದು ದಿನ ಒಡೆದು ಹಾಕುವಾಗ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು. ಹುಟ್ಟಿನಿಂದ ಕೊನೆಯವರೆಗಿನ ಈ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಇದೆ. ಅಂಧೇರಿಯ ನಮ್ಮ ಸಣ್ಣ ಆಫೀಸಿನಲ್ಲಿ ಅದನ್ನು ನಡೆಸುವುದು ನಾನು.

ಆ ಸಾಫ್ಟ್‌ವೇರಿನ ಸ್ವಭಾವ ವಿಚಿತ್ರ. ಲೋಕದ ವಸ್ತುಗಳೆಲ್ಲ ಅದಕ್ಕೆ ಕಿಲೋಗಳಲ್ಲಿ ಮಾತ್ರ ಗೊತ್ತು. ಆರ್ಕಿಟೆಕ್ಟ್ ಗೋಡೆಯನ್ನು ಉದ್ದ, ಎತ್ತರ, ದಪ್ಪಗಳಲ್ಲಿ ಬರೆದಿರುತ್ತಾರೆ. ಕಟ್ಟುವ ಮೇಸ್ತ್ರಿಗೆ ಅದೇ ಗೋಡೆ ಇಷ್ಟು ಬ್ಲಾಕು. ಬ್ಲಾಕ್ ಮಾಡುವವರಿಗೆ ಇಷ್ಟು ಟೆಂಪೋ. ಇವರೆಲ್ಲರ ಮಾತನ್ನು ಕಿಲೋಗೆ ತಿರುಗಿಸಬೇಕಾದರೆ ನಡುವೆ ಒಂದು ಸಂಖ್ಯೆ ಬೇಕು, ಸಾಂದ್ರತೆ. ಒಂದು ಘನ ಮೀಟರಿನಷ್ಟು ವಸ್ತು ಎಷ್ಟು ತೂಗುತ್ತದೆ ಎಂಬುದು. ಆ ಒಂದು ಸಂಖ್ಯೆ ತಪ್ಪಿದರೆ ಮುಂದಿನದೆಲ್ಲ ಶಿಸ್ತಾಗಿ, ಅಚ್ಚುಕಟ್ಟಾಗಿ ತಪ್ಪುತ್ತಾ ಹೋಗುತ್ತದೆ. ಕಂಪ್ಯೂಟರ್ ಒಂದು ಸಲವೂ ಗೊಣಗುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ನನ್ನ ಎದುರಿನ ಮೇಜಿನ ಸಹೋದ್ಯೋಗಿ ಅದೇ ಕಟ್ಟಡದ ಶಾಖದ ಲೆಕ್ಕ ಹಾಕುತ್ತಾನೆ: ಬಿಸಿಲು ಗೋಡೆಯನ್ನು ದಾಟಿ ಒಳಗೆ ಬರಲು ಎಷ್ಟು ಹೊತ್ತು ಬೇಕು, ಏಸಿ ಎಷ್ಟು ಓಡಬೇಕು ಎಂದು. ಅದಕ್ಕೆ ಬೇರೆ ಸಾಫ್ಟ್‌ವೇರ್, ಅದರಲ್ಲೂ ಸಾಂದ್ರತೆ ಎಂಬ ಒಂದು ಖಾನೆ. ಹೀಗೆ ಒಂದೇ ಗೋಡೆ ಎರಡು ಕಂಪ್ಯೂಟರುಗಳಲ್ಲಿ ಬೇರೆ ಬೇರೆಯಾಗಿ ಬದುಕುತ್ತಿರುತ್ತದೆ. ಆ ಎರಡೂ ಒಂದೇ ಗೋಡೆಯೇ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಂಟಾಪ್ ಹಿಲ್‌ನಲ್ಲಿ, ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ, ನಾಲ್ಕು ಮಹಡಿಯ ಹಳೆಯ ಕಾಲೊನಿಯೊಂದನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಕೆಲಸ ಬಂದಿತ್ತು. ಗೋಡೆಗೆ ಎರಡು ಬಗೆಯ ಬ್ಲಾಕುಗಳಲ್ಲಿ ಯಾವುದು ಒಳ್ಳೆಯದು ಎಂದು ನಾವು ಹೇಳಬೇಕಿತ್ತು. ಒಂದು, ದೊಡ್ಡ ಕಾರ್ಖಾನೆಯ ಹಗುರ ಬ್ಲಾಕ್. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳು, ಬಿಳಿ, ಗರಗಸದಲ್ಲಿ ಕೊಯ್ಯಬಹುದು. ಇನ್ನೊಂದು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಳಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ತಯಾರಾಗುವ ಬೂದು ಬ್ಲಾಕ್. ಕೆಡವಿದ ಕಟ್ಟಡಗಳ ಅವಶೇಷವನ್ನು ಪುಡಿ ಮಾಡಿ, ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ್ದು. ಅದು ನನ್ನ ಕುತೂಹಲ ಕೆರಳಿಸಿತು. ಮುಂಬಯಿ ತನ್ನನ್ನೇ ಅರೆದು ಮತ್ತೆ ಗೋಡೆ ಮಾಡಿಕೊಳ್ಳುವುದು ನೋಡಬೇಕೆನಿಸಿತು.

ಹಗುರ ಬ್ಲಾಕಿನ ತೂಕ ಅದರ ಕೈಪಿಡಿಯಲ್ಲಿತ್ತು. ಬೂದು ಬ್ಲಾಕಿಗೆ ಕೈಪಿಡಿ ಇರಲಿಲ್ಲ, ಒಂದು ಲ್ಯಾಬಿನ ಮಾಸಿದ ಸರ್ಟಿಫಿಕೇಟ್ ಮಾತ್ರ. ಆ ಕಾಗದವನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಆಫೀಸಿನ ತಕ್ಕಡಿ ತೆಗೆದುಕೊಂಡು ನಾನೇ ಹೋದೆ.

ಗಾಳಾದ ಮಾಲೀಕರು ಐವತ್ತು ದಾಟಿದವರು, ವಿಜಯಪುರದ ಕಡೆಯವರು. ಮುಂಬಯಿಗೆ ಬಂದಾಗ ಕಟ್ಟಡ ಕೆಡವುವ ಕೂಲಿ ಮಾಡುತ್ತಿದ್ದರಂತೆ. ನಾನು ಹಿಂದಿಯಲ್ಲಿ ಶುರು ಮಾಡಿದ್ದೆ. ಅವರು ಒಳಗಿದ್ದವರಿಗೆ “ಚಾ ತರ್ರಿ” ಎಂದು ಕೂಗಿದ್ದು ಕೇಳಿ ಕನ್ನಡಕ್ಕೆ ಹೊರಳಿದೆ. ಅವರ ಮುಖ ಅರಳಿತು.

“ನಮ್ಮವರ ಏನ್ರಿ ನೀವು! ಮೈಸೂರ ಕಡೆಯವರಿರಬೇಕು. ಪುಸ್ತಕ ಓದಿಧಂಗ ಮಾತಾಡ್ತೀರಿ.”

“ಹುಟ್ಟಿದ್ದು ಇಲ್ಲೇ,” ಎಂದೆ.

“ಇರ್ಲಿ ಬಿಡ್ರಿ, ಅದರಾಗ ನಿಮ್ಮ ತಪ್ಪೇನೈತಿ.”

ಎರಡು ಮಷಿನ್ ತೋರಿಸಿದರು. ಒಂದು ದಡಬಡ ಎಂದು ಬ್ಲಾಕ್ ಒತ್ತುತ್ತಿತ್ತು. ಇನ್ನೊಂದರ ಮೇಲೆ ತಾಡಪತ್ರಿ ಹೊದಿಸಿತ್ತು. “ಆಂಟಾಪ್ ಹಿಲ್ ಕೆಲಸ ಸಿಕ್ಕರ ಇದನ್ನೂ ಓಡಸ್ತೀನಿ. ಇಲ್ಲಾಂದ್ರ ಮಾರಿಬಿಡೂದು. ಐದು ಮಂದಿ ಇದನ್ನ ನೋಡಿಕೋತ ಕುಂತಾರ, ಎಷ್ಟು ದಿನಾ ಕುಂದರಿಸ್ಲಿ?” ಎಂದರು. ಅವರ ಸ್ವರದಲ್ಲಿ ದೂರಿರಲಿಲ್ಲ, ಹವಾಮಾನ ಹೇಳಿದ ಹಾಗಿತ್ತು.

ನನಗಾಗಿ ಒಂದು ಬ್ಲಾಕನ್ನು ಮೊದಲೇ ಬೇರೆ ತೆಗೆದಿಟ್ಟಿದ್ದರು. ಅಂಚುಗಳು ಚೂಪಾಗಿ, ಮೈ ಕಪ್ಪು ಬೂದಾಗಿ, ಧೂಳಿಲ್ಲದೆ ಚೊಕ್ಕವಾಗಿತ್ತು. ತಕ್ಕಡಿಗಿಟ್ಟೆ. ಇಪ್ಪತ್ತೈದೂವರೆ ಕಿಲೋ. ಸರ್ಟಿಫಿಕೇಟಿನ ಪ್ರಕಾರ ಇಪ್ಪತ್ಮೂರು ಇರಬೇಕಿತ್ತು. ಕಾಗದಗಳ ಬಗ್ಗೆ ನನಗಿದ್ದ ಸಂಶಯ ನಿಜವಾಯಿತೆಂದು ಒಳಗೊಳಗೆ ಸಂತೋಷವಾಯಿತು. ಫೋಟೋ ತೆಗೆದೆ, ಬರೆದುಕೊಂಡೆ, ಚಾ ಕುಡಿದು ಹೊರಟೆ. ಕಾಂದಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಸಾಂದ್ರತೆ ಲೆಕ್ಕ ಹಾಕಿ ಮುಗಿಸಿದ್ದೆ.

ವರದಿ ಹೋಯಿತು. ಅದರ ಪ್ರಕಾರ ಬೂದು ಬ್ಲಾಕಿನ ಗೋಡೆಯ ಇಂಗಾಲ ಹಗುರ ಬ್ಲಾಕಿನದಕ್ಕಿಂತ ಜಾಸ್ತಿ. ಬಹಳವಲ್ಲ, ಆದರೆ ಜಾಸ್ತಿ. ನನಗೂ ಸ್ವಲ್ಪ ಬೇಸರವಾಗಿತ್ತು. ಬೇಸರವನ್ನು ಹಾಕಲು ಸಾಫ್ಟ್‌ವೇರಿನಲ್ಲಿ ಖಾನೆ ಇಲ್ಲ.

ಎರಡು ವಾರದ ಮೇಲೆ, ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಅವರ ಫೋನ್ ಬಂತು.

“ಮೇಡಂ, ನಮ್ಮ ಬ್ಲಾಕ್ ಗಾಳಿ ಕೆಡಸ್ತೈತಿ ಅಂತ ಬರದೀರಂತ?”

ಹಾಗೆ ಬರೆದಿಲ್ಲ, ಹೋಲಿಸಿದ್ದೇವೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆತು. ಅದೆಲ್ಲಾ ನನಗ ತಿಳಿಯೂದಿಲ್ಲ. ಆದ್ರ ಆರ್ಕಿಟೆಕ್ಟ್ ಆಫೀಸಿನವ್ರು ಓದಿ ಹೇಳಿದ್ರು, ಒಂದು ಬ್ಲಾಕಿಗೆ ಇಪ್ಪತ್ತೈದೂವರಿ ಕಿಲೋ ಅಂತ ಐತಂತ. ನಮ್ಮ ಬ್ಲಾಕ್ ಅಷ್ಟು ತೂಗೂದಿಲ್ಲರಿ.”

“ನಾನೇ ತೂಗಿದ್ದೀನಿ. ನೀವೂ ಅಲ್ಲೇ ಇದ್ರಿ.”

“ನೀವು ಒಂದ ಸಲ ತೂಗೀರಿ. ನಾ ಹದಿನಾಲ್ಕು ವರ್ಷ ಎತ್ತೀನಿ.”

ತಕ್ಕಡಿ ಸರಿಯಿದೆ ಎಂದು ಹೇಳಬಹುದಿತ್ತು. ಸರಿಯೂ ಇತ್ತು. ಆದರೆ ಫೋನಿಟ್ಟ ಮೇಲೆ ಡಬ್ಬಿ ಮುಚ್ಚಿಟ್ಟೆ. ವರದಿ ತೆಗೆದು ಮೊದಲಿನಿಂದ ಓದಿದೆ. ನನ್ನ ಭಾಗದಲ್ಲಿ ಆ ಬ್ಲಾಕಿನ ಸಾಂದ್ರತೆ ನಾನು ತೂಗಿದ್ದು. ಇಪ್ಪತ್ತು ಪುಟ ದಾಟಿ ಶಾಖದ ಭಾಗಕ್ಕೆ ಬಂದೆ. ಅಲ್ಲಿ ಅದೇ ಬ್ಲಾಕಿನ ಸಾಂದ್ರತೆ ಬೇರೆ, ಕಡಿಮೆ. ಎದುರಿಗಿದ್ದವನನ್ನು ಕೇಳಿದೆ.

“ಸರ್ಟಿಫಿಕೇಟಿನಿಂದ ತಗೊಂಡೆ,” ಎಂದ. “ಯಾಕೆ, ನೀನು ಎಲ್ಲಿಂದ ತಗೊಂಡೆ?”

ಒಂದೇ ವರದಿಯಲ್ಲಿ, ಒಂದೇ ರಟ್ಟಿನ ನಡುವೆ, ಒಂದೇ ಗೋಡೆಗೆ ಎರಡು ತೂಕ. ಹೊಗೆಯ ಲೆಕ್ಕಕ್ಕೆ ಬಂದಾಗ ಭಾರ, ಬಿಸಿಲಿನ ಲೆಕ್ಕಕ್ಕೆ ಬಂದಾಗ ಹಗುರ. ಎರಡು ಕಡೆಯೂ ಗಾಳಾದ ಮಾಲೀಕರಿಗೆ ನಷ್ಟ ಎಂಬುದು ಆಮೇಲೆ ಹೊಳೆಯಿತು. ಭಾರದ ಗೋಡೆ ಬಿಸಿಲನ್ನು ಹೆಚ್ಚು ಹೊತ್ತು ತಡೆದು ಹಿಡಿಯುತ್ತದೆ, ಆ ಲಾಭವೂ ಅವರಿಗೆ ಸಿಕ್ಕಿರಲಿಲ್ಲ. ನಮ್ಮ ಆಫೀಸಿನಲ್ಲಿ ಮೂವರು ಈ ವರದಿಗೆ ಸಹಿ ಹಾಕಿದ್ದೆವು. ಮೊದಲ ಸಹಿ ನನ್ನದು.

ಎರಡರಲ್ಲಿ ಯಾವುದು ನಿಜ? ಹಾಗಂತ ಕೇಳಿಕೊಂಡಾಗ ನನಗಾದದ್ದು ಭಯವಲ್ಲ, ನಾಚಿಕೆಯೂ ಅಲ್ಲ. ಅವೆರಡೂ ನಂತರ ಬಂದವು. ಮೊದಲು ಬಂದದ್ದು ತಿಳಿದುಕೊಳ್ಳಬೇಕೆಂಬ ತವಕ. ಲ್ಯಾಬಿನವರೂ ತೂಗಿದ್ದಾರೆ, ನಾನೂ ತೂಗಿದ್ದೇನೆ. ಬ್ಲಾಕಿನ ಅಳತೆ ಒಂದೇ, ಅಚ್ಚು ಒಂದೇ. ಹಾಗಾದರೆ ಹೆಚ್ಚಿನ ಎರಡೂವರೆ ಕಿಲೋ ಎಲ್ಲಿಂದ ಬಂತು?

ಶನಿವಾರ ಬೆಳಿಗ್ಗೆ ಮತ್ತೆ ತಕ್ಕಡಿ ಹೊತ್ತು ಕಾಂದಿವಲಿಗೆ ಹೋದೆ. ಹೇಳದೆ ಹೋದೆ. ಮಾಲೀಕರು ಹೊರಗೆಲ್ಲೋ ಹೋಗಿದ್ದರು, ಅರ್ಧ ಗಂಟೆಯಲ್ಲಿ ಬರುತ್ತಾರೆಂದು ಅಲ್ಲಿ ಬ್ಲಾಕ್ ಜೋಡಿಸುತ್ತಿದ್ದ ಹೆಂಗಸು ಹೇಳಿದಳು. ಸೀರೆಯ ಮೇಲೆ ಗಂಡಸರ ಫುಲ್ ಶರ್ಟ್ ತೊಟ್ಟಿದ್ದಳು. ಅವಳನ್ನು ಕೇಳಿ ರಾಶಿಯಿಂದ ಒಂದು ಬ್ಲಾಕ್ ತೆಗೆದುಕೊಂಡು ತೂಗಿದೆ. ಇಪ್ಪತ್ಮೂರು ಚಿಲ್ಲರೆ. ಇನ್ನೊಂದು. ಅದೂ ಅಷ್ಟೇ. ಹತ್ತು ತೂಗಿದೆ. ಒಂದೂ ಇಪ್ಪತ್ನಾಲ್ಕು ಮುಟ್ಟಲಿಲ್ಲ. ಅವಳು ಒಂದೊಂದನ್ನೂ ಎತ್ತಿ ಕೊಡುತ್ತಾ ನೋಡುತ್ತಿದ್ದಳು.

“ಎಲ್ಲಾ ಒಂದ ಅಚ್ಚಿನವ ಅಕ್ಕಾರ. ಎಷ್ಟು ತೂಗಿದ್ರೂ ಅಷ್ಟ.”

“ಹೋದ ಸಲ ನಾನು ತೂಗಿದ್ದು ಹೆಚ್ಚಿತ್ತು. ಇಲ್ಲೇ, ಈ ಸ್ಟೂಲಿನ ಮೇಲಿತ್ತು.”

“ಅದಾ? ಅದನ್ನ ನಾನ ತೊಳದಿಟ್ಟಿದ್ದೆ.”

“ತೊಳೆದು?”

“ಹೂಂರಿ. ಆಫೀಸಿನಿಂದ ಮೇಡಂ ಬರ್ತಾರ, ಒಂದು ಚಂದನ ಬ್ಲಾಕ್ ತಗದಿಡು ಅಂದಿದ್ರು ಸಾವ್ಕಾರ್ರು. ಇಲ್ಲಿ ನೋಡ್ರಿ, ಹ್ಯಾಂಗ ಧೂಳು. ಇಂಥಾದ್ದು ಹ್ಯಾಂಗ ಮುಂದಿಡೂದು? ಬ್ರಶ್ ಹಚ್ಚಿ ತಿಕ್ಕಿ, ತೊಟ್ಯಾಗ ಮುಳುಗಿಸಿ ಇಟ್ಟಿದ್ದೆ ಹಿಂದಿನ ದಿನಾನ. ನೀವು ಬರೂ ಮುಂದ ತಗದು ಅರಿವಿಲೆ ಒರಸಿದೆ.”

ನಾನು ಫೋನಿನಲ್ಲಿ ಹಿಂದಿನ ಸಲದ ಫೋಟೋ ತೆಗೆದು ನೋಡಿದೆ. ಅವಳಿಗೆ ಏನೋ ತಪ್ಪಾಯಿತೆನ್ನಿಸಿರಬೇಕು.

“ಯಾಕ್ರಿ, ತೊಳೀಬಾರದಿತ್ತೇನು?”

ತೊಳೆಯಬಾರದಿತ್ತು ಎಂದು ಹೇಗೆ ಹೇಳುವುದು? ಮನೆಗೆ ಬಂದವರಿಗೆ ನಾವು ಲೋಟ ತೊಳೆದೇ ಕೊಡುತ್ತೇವೆ. ಇಡೀ ದಿನ ನೀರು ಕುಡಿದ ಬ್ಲಾಕನ್ನು ನಾನು ತೂಗಿದ್ದೆ. ಅದರ ಕಪ್ಪು ಮೈಯನ್ನು ನೋಡಿ ಒಳ್ಳೆಯ ಗುಣಮಟ್ಟ ಅಂದುಕೊಂಡಿದ್ದೆ. ಕೈಯಲ್ಲಿ ಮುಟ್ಟಿದ್ದೆ, ತಣ್ಣಗಿತ್ತು, ಆಗಲೂ ಹೊಳೆದಿರಲಿಲ್ಲ. ನೂರು ಕಿಲೋ ಬ್ಲಾಕಿಗೆ ಇಷ್ಟು ಸಿಮೆಂಟ್ ಎಂಬ ಪ್ರಮಾಣವನ್ನು ನಾನು ಆ ತೂಕಕ್ಕೇ ಹಚ್ಚಿದ್ದೆ. ಅಂದರೆ ತೊಟ್ಟಿಯ ನೀರಿನಲ್ಲೂ ಸಿಮೆಂಟ್ ಇದೆಯೆಂದು, ಆ ಸಿಮೆಂಟನ್ನು ಗೂಡಿನಲ್ಲಿ ಸುಟ್ಟಿದ್ದಾರೆಂದು, ಆ ಹೊಗೆ ಇಷ್ಟೆಂದು ಬರೆದಿದ್ದೆ.

ಅಷ್ಟರಲ್ಲಿ ಮಾಲೀಕರು ಬಂದರು. ನಡೆದದ್ದು ಹೇಳಿದೆ. ಅವರು ಹೆಂಗಸನ್ನು ನೋಡಿದರು, ತಕ್ಕಡಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಿದ್ದು ಬಿದ್ದು ನಕ್ಕರು.

“ಏ ಮಾರಾಯ್ತಿ, ಜಳಕಾ ಮಾಡಸಿ ಕುಂದರಿಸಿದ್ಯಾ? ಕನ್ಯಾ ತೋರಸಾಕ ಹತ್ತೀಯೇನು?”

“ಚಂದನ್ನ ತಗದಿಡು ಅಂದಾವ್ರು ನೀವ. ಈಗ ನನಗ ಅಂತೀರಿ,” ಎಂದು ಅವಳು ತಿರುಗಿಸಿ ಹೇಳಿದಳು.

ನಗು ನಿಂತ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ. “ಈಗೇನ ಮಾಡ್ತೀರಿ?”

ಸೋಮವಾರ ಆಫೀಸಿನ ಮುಖ್ಯಸ್ಥೆಯ ಕೋಣೆಗೆ ಹೋದೆ. ಅವರು ಮಿತವಾಗಿ ಮಾತಾಡುವವರು. ನನಗೆ ಅವರನ್ನು ಕಂಡರೆ ಇಷ್ಟವಾಗಲು ಅದೂ ಒಂದು ಕಾರಣ. ಹೇಳುವುದನ್ನೆಲ್ಲ ಒಂದು ಕಾಗದದಲ್ಲಿ ಕ್ರಮವಾಗಿ ಬರೆದುಕೊಂಡಿದ್ದೆ. ಹೇಳಿದೆ. ಅವರು ಬೈಯಲಿಲ್ಲ.

“ಲ್ಯಾಬಿನ ಕಾಗದ ಇದ್ದಾಗ ಯಾಕೆ ತೂಗಲು ಹೋದೆ?”

“ಖಚಿತವಾಗಲಿ ಅಂತ.”

“ಖಚಿತ ಆಗಿದೆ. ಒದ್ದೆ ಬ್ಲಾಕಿನ ತೂಕ ಖಚಿತವಾಗಿ ಅಷ್ಟೇ.” ವರದಿಯನ್ನು ನನ್ನ ಕಡೆ ಸರಿಸಿದರು. “ಒಂದು ಬ್ಲಾಕಿನದು ಸರಿ ಮಾಡಿ ಕಳಿಸಿದರೆ ಯಾರ ಪರವಾಗಿ ಮಾಡಿದೆವು ಅಂತ ಕೇಳ್ತಾರೆ. ಎರಡರದ್ದೂ ಪ್ರತಿಯೊಂದು ಖಾನೆ ನೋಡು. ಒಂದೇ ಪ್ರಶ್ನೆಯನ್ನ ಎರಡಕ್ಕೂ ಕೇಳಿದ್ದೀವಾ ಅಂತ ನೋಡು. ಆಮೇಲೆ ಆರ್ಕಿಟೆಕ್ಟಿಗೆ ನಾನು ಫೋನ್ ಮಾಡ್ತೀನಿ.”

ಆ ವಾರ ನಾನು ಮಾಡಿದ್ದು ಅಷ್ಟೇ. ಒಂದೊಂದು ವಸ್ತುವಿಗೂ ಒಂದೊಂದು ಹಾಳೆ ಮಾಡಿದೆ. ತೂಕ, ತೂಗಿದಾಗ ಅದು ಒಣಗಿತ್ತೋ ತೋಯ್ದಿತ್ತೋ, ತೂಗಿದವರು ಯಾರು, ಎಷ್ಟು ವರ್ಷ ಬಾಳುತ್ತದೆ, ಎಷ್ಟು ದೂರದಿಂದ ಬರುತ್ತದೆ, ಸೈಟಿನಲ್ಲಿ ಎಷ್ಟು ಹಾಳಾಗುತ್ತದೆ. ಎದುರಿನ ಮೇಜಿನವನೂ ನಾನೂ ಇನ್ನು ಮೇಲೆ ಈ ಹಾಳೆಯಿಂದ ಮಾತ್ರ ಸಂಖ್ಯೆ ತೆಗೆದುಕೊಳ್ಳಬೇಕೆಂದು ಒಪ್ಪಿಕೊಂಡೆವು. ಬೇರೆ ಯೋಜನೆಗಳ ಹಳೆಯ ಕಡತಗಳನ್ನೂ ತೆರೆದೆ. ಒಂದೇ ಗಾರೆಗೆ ಮೂರು ಹೆಸರು, ಒಂದೇ ಟೈಲ್ಸಿಗೆ ಒಂದು ಕಡೆ ಇಪ್ಪತ್ತು ವರ್ಷದ ಆಯಸ್ಸು, ಇನ್ನೊಂದು ಕಡೆ ಐವತ್ತು. ಒಬ್ಬನೇ ಮನುಷ್ಯ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ವಯಸ್ಸು ಹೇಳಿಕೊಂಡ ಹಾಗೆ. ಬೇಸರದ ಕೆಲಸವೆಂದು ಕೇಳಿದವರಿಗೆ ಅನ್ನಿಸಬಹುದು. ನನಗೆ ಒಂದು ದಿನವೂ ಹಾಗನ್ನಿಸಲಿಲ್ಲ. ನಮ್ಮ ಮನೆಯ ಪಡುವಣ ಗೋಡೆ ಸಂಜೆ ಏಳಾದರೂ ಬೆಚ್ಚಗಿರುತ್ತದೆ. ಅಮ್ಮ ಒಗೆದ ಕರ್ಚೀಫುಗಳನ್ನು ಅದಕ್ಕೇ ಅಂಟಿಸಿ ಒಣಗಿಸುತ್ತಾಳೆ. ಆ ವಾರ ಅದರ ಮೇಲೆ ಕೈಯಿಟ್ಟು, ಇದಕ್ಕೆ ಯಾರು ಯಾವ ಸಂಖ್ಯೆ ಬರೆದಿದ್ದಿರಬಹುದು ಎಂದು ಯೋಚಿಸುತ್ತಿದ್ದೆ.

ಬ್ಲಾಕುಗಳ ಹಾಳೆಯಲ್ಲಿ ಕೊನೆಯ ಸಾಲಿಗೆ ಬಂದಾಗ ಇನ್ನೊಂದು ಸಿಕ್ಕಿತು. ಸೈಟಿನಲ್ಲಿ ಹಾಳಾಗುವ ಪಾಲು. ಹಗುರ ಬ್ಲಾಕಿಗೆ ಸಾಫ್ಟ್‌ವೇರ್ ತಾನೇ ಶೇಕಡಾ ಇಷ್ಟು ಎಂದು ಹಾಕಿಕೊಂಡಿತ್ತು. ಬೂದು ಬ್ಲಾಕ್ ಅದರ ಪಟ್ಟಿಯಲ್ಲಿ ಇರಲಿಲ್ಲ, ನಾನೇ ಹೊಸದಾಗಿ ಸೇರಿಸಿದ್ದು. ಆ ಖಾನೆ ಖಾಲಿ ಬಿಟ್ಟಿದ್ದೆ. ಖಾಲಿ ಎಂದರೆ ಸೊನ್ನೆ. ಒಂದು ಬ್ಲಾಕೂ ಒಡೆಯುವುದಿಲ್ಲ ಎಂದು ಬರೆದಂತೆ. ಈ ತಪ್ಪು ಮಾಲೀಕರಿಗೆ ಅನುಕೂಲವಾಗಿ ಆಗಿತ್ತು.

ಇದನ್ನು ಯಾರೂ ನೋಡಿರಲಿಲ್ಲ. ಯಾರೂ ಕೇಳಿರಲಿಲ್ಲ. ತೂಕ ಒಂದನ್ನೇ ಸರಿ ಮಾಡಿದರೆ ಬೂದು ಬ್ಲಾಕ್ ಸ್ಪಷ್ಟವಾಗಿ ಗೆಲ್ಲುತ್ತಿತ್ತು. ಎರಡನೇ ಮಷಿನ್ನಿನ ತಾಡಪತ್ರಿ ತೆಗೆಯುತ್ತಿದ್ದರು. ಸಾಫ್ಟ್‌ವೇರಿನ ಶೇಕಡಾವನ್ನೇ ಇದಕ್ಕೂ ಹಾಕಿದರೆ ಎರಡೂ ಹತ್ತಿರ ಹತ್ತಿರ ಬಂದು, ಬೂದು ಬ್ಲಾಕ್ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಎರಡು ಸಲ ಹಾಕಿ ನೋಡಿದೆ, ಎರಡು ಸಲ ತೆಗೆದೆ. ಕೊನೆಗೆ ಫೋನ್ ಮಾಡಿ ಕೇಳಿದೆ: ನಿಮ್ಮ ಬ್ಲಾಕ್ ಸಾಗಿಸುವಾಗ ಎಷ್ಟು ಒಡೆಯುತ್ತವೆ?

“ಒಡಿಯೂದಿಲ್ಲರಿ. ಒಡದ್ರೂ ಒಂದೋ ಎರಡೋ.”

“ಎಷ್ಟಕ್ಕೆ ಎರಡು?”

“ಎಷ್ಟಕ್ಕ ಅಂದ್ರ... ಲೆಕ್ಕಾ ಇಟ್ಟಿಲ್ಲ.” ಆ ಕಡೆ ಮಷಿನ್ನಿನ ಸದ್ದು ಕೇಳುತ್ತಿತ್ತು. “ಯಾಕ್ರಿ, ತೂಕ ಸರಿ ಆತಲ್ಲ? ಮತ್ತೇನು ತಗದ್ರಿ?”

ಖಾಲಿ ಖಾನೆಯ ವಿಷಯ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು.

“ನಾ ಅದನ್ನ ಕೇಳೇ ಇರಲಿಲ್ಲ ನೋಡ್ರಿ,” ಎಂದರು. ಕೋಪವಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಆರ್ಕಿಟೆಕ್ಟರ ಆಫೀಸ್ ಗ್ರಾಂಟ್ ರೋಡ್‌ನಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿ. ಇಡೀ ಮೀಟಿಂಗ್ ಸಾಂಬಾರಿನ ಪರಿಮಳದಲ್ಲೇ ನಡೆಯಿತು. ಮುಖ್ಯಸ್ಥೆ ತಪ್ಪನ್ನು ಎರಡು ವಾಕ್ಯದಲ್ಲಿ ಒಪ್ಪಿಕೊಂಡರು, ನನ್ನ ಹೆಸರೆತ್ತಲಿಲ್ಲ. ಒಡೆಯುವ ಪಾಲಿನ ಬಗ್ಗೆ ನಾನು ವಿವರಿಸಿದೆ. ಆರ್ಕಿಟೆಕ್ಟ್ ತಾಳ್ಮೆ ಕಳೆದುಕೊಂಡರು.

“ನನಗೆ ಒಂದು ಉತ್ತರ ಬೇಕು. ಇದಾ, ಅದಾ?”

“ಒಡೆಯುವುದನ್ನು ಎಣಿಸದೆ ಹೇಳಲಾಗುವುದಿಲ್ಲ,” ಎಂದೆ. ಇಷ್ಟು ಜನರ ಮುಂದೆ ನಾನು ಇಲ್ಲವೆಂದದ್ದು ಅದೇ ಮೊದಲಿರಬೇಕು.

“ಹಾಗಾದರೆ ಎಣಿಸಿ. ಎರಡೂ ಒಂದೊಂದು ಲೋಡ್ ಸೈಟಿಗೆ ತರಿಸ್ತೀನಿ. ಇಳಿಸಿ, ಒಂದೊಂದು ಗೋಡೆ ಕಟ್ಟಿಸ್ತೀನಿ. ಬೂದು ಬ್ಲಾಕ್ ಹಿಂದೆ ಬಿದ್ದರೆ ಪಟ್ಟಿಯಿಂದ ತೆಗೆಯೋದು, ಮತ್ತೆ ಫೋನ್ ಬೇಡ.”

ಒಂದು ಬುಧವಾರ ಬೆಳಿಗ್ಗೆ ಆಂಟಾಪ್ ಹಿಲ್ ಸೈಟಿನಲ್ಲಿ ಎರಡು ಟೆಂಪೋ ನಿಂತಿದ್ದವು. ಒಂದೊಂದರಲ್ಲೂ ನೂರೈವತ್ತು ಬ್ಲಾಕ್. ಕಾಂದಿವಲಿಯಿಂದ ಮಾಲೀಕರು ಡ್ರೈವರ್ ಪಕ್ಕ ಕೂತು ತಾವೇ ಬಂದಿದ್ದರು. ಪ್ರತಿ ಹಳ್ಳದಲ್ಲೂ ‘ಧೀರೆ ಧೀರೆ’ ಎಂದು ಹೇಳಿ ತನ್ನ ತಲೆ ತಿಂದರೆಂದು ಡ್ರೈವರ್ ಹಿಂದಿಯಲ್ಲಿ ದೂರಿದ.

“ಇದು ಸರಿಯಲ್ಲ,” ಎಂದೆ. “ದಿನಾ ಬರುವ ಹಾಗೆ ಬರಬೇಕು.”

“ದಿನಾನೂ ನಾ ಹಿಂಗ ಬೈತೀನ್ರಿ,” ಎಂದರು.

ಹೊರೆಯಾಳುಗಳು ಇಳಿಸಿದರು. ನಾನು ಹಾಳೆ ಹಿಡಿದು ನಿಂತೆ. ನಡುವೆ ಸೀಳಿದ್ದನ್ನು ಎಣಿಸುವುದು ಸುಲಭ. ಜಗಳ ಬಂದದ್ದು ಮೂಲೆ ಮುರಿದವುಗಳ ವಿಷಯಕ್ಕೆ.

“ಇದು ಒಡದದ್ದಲ್ರಿ. ಮೂಲಿ ಹೋಗೇತಿ ಅಷ್ಟ.”

“ಮೂಲೆ ಹೋದದ್ದನ್ನು ಗೋಡೆಗೆ ಹಾಕ್ತಾರಾ?”

“ಯಾಕ ಹಾಕೂದಿಲ್ಲ? ಮ್ಯಾಲ ಪ್ಲಾಸ್ಟರ್, ಗಿಲಾವ ಬರೂದಿಲ್ಲೇನು? ಗಿಲಾವದಾಗ ಎಲ್ಲಾ ಮುಚ್ಚಿ ಹೋಕ್ಕೈತಿ.”

ಗೋಡೆ ಕಟ್ಟಲು ಬಂದಿದ್ದ ಮೇಸ್ತ್ರಿ ಕಲಬುರಗಿಯವನು. ಅಲ್ಲಿಯವರೆಗೆ ದಾರ ಕಟ್ಟುತ್ತಾ ಸುಮ್ಮನಿದ್ದವನು ತಿರುಗಿ ಹೇಳಿದ: “ಮೇಡಂ, ಸೀಳಿದ್ದೂ ವೇಸ್ಟಲ್ರಿ. ಒಂದು ಸಾಲು ಬಿಟ್ಟು ಒಂದು ಸಾಲಿಗಿ ತುದ್ಯಾಗ ಅರ್ಧ ಬೇಕಾಗ್ತದ. ಸೀಳಿದ್ದಿಲ್ಲಂದ್ರ ನಾವ ಹೊಸದನ್ನ ಒಡದು ಹಾಕೂದು.”

ನಾನು ಬರೆಯುವುದನ್ನು ನಿಲ್ಲಿಸಿದೆ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಒಡೆದದ್ದು ಬೇರೆ, ಹಾಳಾದದ್ದು ಬೇರೆ. ಟೆಂಪೋ ಇಳಿದಾಗಲ್ಲ, ಗೋಡೆ ಮುಗಿದ ಮೇಲೆ ಎಣಿಸಬೇಕು. ನೆಲದ ಮೇಲೆ ಏನು ಉಳಿಯುತ್ತದೋ ಅದು. ಆದರೆ ಈ ನಿಯಮ ಎರಡಕ್ಕೂ ಒಂದೇ ಆಗಬೇಕು. ಹಗುರ ಬ್ಲಾಕಿನ ಕಡೆ ನೋಡಿಕೊಳ್ಳಲು ಬಂದಿದ್ದ ಯುವಕನನ್ನು ಕರೆದು ಹೇಳಿದೆ. ಅವನು ಭುಜ ಕುಣಿಸಿ ಒಪ್ಪಿದ. ಹಾಳೆಯ ಹಿಂದೆ ನಿಯಮವನ್ನು ಬರೆದು ಇಬ್ಬರ ಸಹಿ ಹಾಕಿಸಿಕೊಂಡೆ. ಮಾಲೀಕರು ಸಹಿ ಮಾಡುತ್ತಾ, “ಶಾದಿ ರಜಿಸ್ಟರ್ ಮಾಡಧಂಗ ಆತು,” ಎಂದು ಗೊಣಗಿದರು.

ಸಂಜೆ ನಾಲ್ಕಕ್ಕೆ ಎರಡು ಗೋಡೆಗಳೂ ಭುಜದೆತ್ತರ ಬಂದು ನಿಂತವು. ಬಿಳಿ ಗೋಡೆಯ ಕೆಳಗೆ ಗರಗಸದ ಪುಡಿ ಮತ್ತು ಕೊಯ್ದುಳಿದ ಚೂರುಗಳು. ಬೂದು ಗೋಡೆಯ ಕೆಳಗೆ ಯಾವ ಸಾಲಿಗೂ ಹೊಂದದ ಮುರುಕುಗಳು. ಎರಡನ್ನೂ ಬೇರೆ ಬೇರೆ ಗೋಣಿಯಲ್ಲಿ ತುಂಬಿ ತೂಗಿದೆವು. ಬಳಸಿದ್ದರ ಜೊತೆ ಹೋಲಿಸಿದರೆ ಬೂದು ಬ್ಲಾಕಿನಲ್ಲಿ ಹಾಳಾದದ್ದು ಮಾಲೀಕರು ಹೇಳಿದ ಒಂದೆರಡಕ್ಕಿಂತ ಜಾಸ್ತಿ, ಐದು ಬ್ಲಾಕಿನಷ್ಟು. ಸಾಫ್ಟ್‌ವೇರಿನ ಶೇಕಡಾಕ್ಕಿಂತ ಕಡಿಮೆ. ಬಿಳಿಯದು ಆ ಶೇಕಡಾದ ಹತ್ತಿರವೇ ಇತ್ತು.

ಅಲ್ಲೇ ಸಿಮೆಂಟ್ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಒಣ ತೂಕ ಹಾಕಿದೆ, ಖಾಲಿ ಖಾನೆ ತುಂಬಿದೆ. ಮಾಲೀಕರು ಪಕ್ಕದಲ್ಲಿ ನಿಂತಿದ್ದರು. ಪರದೆಯ ಕಡೆ ನೋಡಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದರು.

“ಮುಂದದೀರಿ,” ಎಂದೆ. ಅವರ ಮಾತಿನ ಹಾಗೆ ಹೇಳಲು ಹೋಗಿ ಸರಿಬರಲಿಲ್ಲ. “ಸ್ವಲ್ಪ. ಬಹಳ ಅಲ್ಲ.”

“ಎಷ್ಟು ಸ್ವಲ್ಪ?”

“ಇದೇ ಮುಂದೆ ಅಂತ ಗಟ್ಟಿಯಾಗಿ ಹೇಳೋಕೆ ಆಗದಷ್ಟು. ಎರಡೂ ಹೆಚ್ಚುಕಡಿಮೆ ಒಂದೇ ಅಂತ ಬರೀಬೇಕಾಗುತ್ತೆ.”

“ಹೆಚ್ಚುಕಡಿಮಿ ಒಂದ ಅಂತ ಬರದ್ರ ಆರ್ಕಿಟೆಕ್ಟ್ ಏನಂತಾರ?”

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಯೇ ಬರೆದು ಕಳಿಸಿದೆ.

ಆರ್ಕಿಟೆಕ್ಟ್ ತೀರ್ಮಾನಿಸಲು ಎಂಟು ದಿನ ತೆಗೆದುಕೊಂಡರು. ಮೇಲಿನ ಮಹಡಿಗಳಿಗೆ ಭಾರ ಕಡಿಮೆಯಾಗಲೆಂದು ಹಗುರ ಬ್ಲಾಕ್. ಕೆಳಗಿನ ಪಾರ್ಕಿಂಗ್ ಮಹಡಿಗಳು, ಮೆಟ್ಟಿಲ ಸುತ್ತಿನ ಗೋಡೆ, ಕಾಂಪೌಂಡ್ ಬೂದು ಬ್ಲಾಕಿಗೆ. ಮಾಲೀಕರು ಬಯಸಿದ್ದರ ಮೂರರಲ್ಲಿ ಒಂದು ಪಾಲಿನಷ್ಟು. ಸುದ್ದಿ ಹೇಳಲು ನಾನೇ ಫೋನ್ ಮಾಡಿದೆ. ಅವರಿಗೆ ಮೊದಲೇ ತಿಳಿದಿತ್ತು.

“ಎರಡನೇ ಮಷಿನ್?” ಎಂದು ಕೇಳಿದೆ.

“ವಾರದಾಗ ಮೂರು ದಿನಾ ಓಡಸ್ತೀನಿ. ಮಾರೂದಿಲ್ಲ.” ಅದರ ಬೆನ್ನಿಗೇ, “ನೀವು ಆ ಖಾಲಿ ಖಾನಿ ಹೇಳ್ಲಿಲ್ಲಂದ್ರ ಪೂರಾ ನನಗ ಸಿಗ್ತಿತ್ತು, ಹೌದಲ್ಲ?” ಎಂದರು.

“ಸಿಗ್ತಿತ್ತೇನೋ.”

“ಹೂಂ,” ಎಂದರು. ಆ ಹೂಂ ಎಂಬುದನ್ನು ನಾನು ಇಂದಿಗೂ ಪೂರ್ತಿ ಅರ್ಥ ಮಾಡಿಕೊಂಡಿಲ್ಲ. ಅದರಲ್ಲಿ ಸಿಟ್ಟೂ ಇದ್ದಿರಬಹುದು, ಒಪ್ಪಿಗೆಯೂ. ಆಮೇಲೆ ಕೆಲಸದ ಮಾತಿಗೆ ಬಂದರು. ಐದು ಬ್ಲಾಕ್ ಹಾಳಾದದ್ದು ಎಲ್ಲಿ? ಏರಿಸುವಾಗಲೋ, ದಾರಿಯಲ್ಲೋ, ಇಳಿಸುವಾಗಲೋ? ನನಗೆ ಗೊತ್ತಿರಲಿಲ್ಲ. ಇಳಿಸುವುದನ್ನು ಮಾತ್ರ ನೋಡಿದ್ದೆ.

“ಏರಸೂದನ್ನೂ ನೋಡ್ರಿ ಹಂಗಾರ,” ಎಂದರು. “ಶನಿವಾರ ಲೋಡ್ ಐತಿ. ಒಂಬತ್ತಕ್ಕ ಬರ್ರಿ.”

ಶನಿವಾರ ಒಂಬತ್ತಕ್ಕೆ ಹೋದೆ. ಹಾಳೆಯಲ್ಲಿ ಹಾಳಾದ ಬ್ಲಾಕಿಗೆ ಒಂದು ಖಾನೆಯಿದ್ದ ಕಡೆ ಮೂರು ಮಾಡಿಕೊಂಡು.